ತಲೆಗೆ ಏರುವ ರಕ್ತ ಮತ್ತು ಮಾನವನ ವಿಕಾಸ: ದೊಡ್ಡ ಮಿದುಳು ಈ ಬಿಸಿಲಿನಲ್ಲಿ ಹೇಗೆ ಉಳಿಯಿತು?

ಹುಣಸಗಿಯ ವಿಜ್ಞಾನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಯಾದಗಿರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಹುಣಸಗಿ–ಬೈಚಬಾಳ ಕಣಿವೆಯ ಇಸಾಂಪುರದಲ್ಲಿ ಪುರಾತತ್ವಜ್ಞ ಪ್ರೊ. ಕೆ. ಪದ್ದಯ್ಯ ಅವರ ತಂಡ ಅಗೆದು ತೆಗೆದ ಕೈಗೊಡಲಿಗಳ ಬಗ್ಗೆ ಮಕ್ಕಳಿಗೆ ಹೇಳುತ್ತಿದ್ದೆ. ಸುಣ್ಣಕಲ್ಲಿನ ಹಾಸುಗಳನ್ನು ಒಡೆದು ಅಲ್ಲಿಯೇ ಆಯುಧ ಮಾಡಿದ ಜಾಗ ಅದು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನ ಎನಾಮಲ್‌ನಿಂದ ಲೆಕ್ಕ ಹಾಕಿದ ಕಾಲ ಸುಮಾರು 12 ಲಕ್ಷ ವರ್ಷ. ಆ ಕಾಲದ ಮನುಷ್ಯರ ಮಿದುಳು ನಮ್ಮದಕ್ಕಿಂತ ಚಿಕ್ಕದಿತ್ತು ಎಂದಾಗ ಒಬ್ಬ ಹುಡುಗಿ ಎದ್ದು ನಿಂತು, "ಆಮೇಲೆ ಯಾಕೆ ದೊಡ್ಡದಾಯಿತು, ಮೇಡಂ?" ಎಂದು ಕೇಳಿದಳು.

ಉತ್ತರ ಹುಡುಕುತ್ತ ಮೊಬೈಲ್ ತೆರೆದರೆ ಒಂದಕ್ಕೊಂದು ತಾಳವಿಲ್ಲದ ಎರಡು ಮಾತುಗಳು ಸಿಕ್ಕವು. ಎರಡು ಕಾಲಿನ ಮೇಲೆ ನಿಂತ ದಿನದಿಂದ ಮನುಷ್ಯನ ತಲೆಗೆ ರಕ್ತ ಕಡಿಮೆಯಾಯಿತು, ಮಿದುಳು ಅರೆಹೊಟ್ಟೆಯಲ್ಲಿದೆ ಎಂದು ಒಂದು ವಿಡಿಯೋ. ನಿಂತದ್ದರಿಂದಲೇ ತಲೆಯ ರಕ್ತನಾಳಗಳು ಬದಲಾಗಿ, ಮಿದುಳು ತಂಪಾಗಿ, ದೊಡ್ಡದಾಗಿ ಬೆಳೆಯಿತು ಎಂದು ಇನ್ನೊಂದು. ಮಕ್ಕಳಿಗೆ ಸುಳ್ಳು ಹೇಳಲಾರೆ. ತಿಳಿದವರು ದಯವಿಟ್ಟು ವಿವರಿಸಿ.

ಶಹಾಪುರದ ಯೋಗಾಸಕ್ತ

ಮೇಡಂ, ಮೊದಲ ಮಾತಿನಲ್ಲಿ ಸತ್ಯಾಂಶ ಇದೆ ಎಂದು ನನ್ನ ಅನಿಸಿಕೆ. ಶೀರ್ಷಾಸನ ಮಾಡಿದಾಗ ತಲೆಗೆ ರಕ್ತ ನುಗ್ಗುವುದು ನಮಗೇ ಗೊತ್ತಾಗುತ್ತದೆ, ಮುಖ ಕೆಂಪಾಗುತ್ತದೆ. ನಿಂತಾಗ ಅಷ್ಟು ರಕ್ತ ಬರುತ್ತಿಲ್ಲ ಎಂದೇ ಅದರ ಅರ್ಥವಲ್ಲವೇ? 1960ರ ದಶಕದಲ್ಲಿ ನೆದರ್ಲೆಂಡ್ಸ್‌ನ ಬಾರ್ಟ್ ಹ್ಯೂಗ್ಸ್ ಎಂಬವರು ಇದನ್ನೇ ಹೇಳಿದ್ದರಂತೆ. ವಯಸ್ಕರ ತಲೆಬುರುಡೆ ಬಿಗಿದುಕೊಳ್ಳುವುದರಿಂದ ಮಿದುಳಿನ ರಕ್ತ ಕುಗ್ಗುತ್ತದೆ ಎಂದು ನಂಬಿ ತಮ್ಮ ತಲೆಗೆ ತಾವೇ ರಂಧ್ರ ಕೊರೆದುಕೊಂಡರಂತೆ.

ಕಲಬುರಗಿಯ ಶರೀರಕ್ರಿಯಾಶಾಸ್ತ್ರ ಬೋಧಕ

ಆ ಹುಡುಗಿಯ ಪ್ರಶ್ನೆ ಬಹಳ ಒಳ್ಳೆಯದು, ಮೇಡಂ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಯೋಗಾಸಕ್ತರ ಮಾತು. ಸರ್, ತಲೆ ಕೊರೆದುಕೊಳ್ಳುವ ಸುದ್ದಿಯನ್ನು ಯಾರೂ ಕುತೂಹಲಕ್ಕೂ ಹಚ್ಚಿಕೊಳ್ಳಬಾರದು. ಸೋಂಕು, ರಕ್ತಸ್ರಾವ, ಸಾವು ಮೂರೂ ಅಲ್ಲಿವೆ, ಲಾಭ ಮಾತ್ರ ಇಲ್ಲ. ತಲೆಬುರುಡೆ ಗಟ್ಟಿಯಾದ ಪೆಟ್ಟಿಗೆ ಎಂಬುದು ನಿಜ. ಅದರೊಳಗೆ ಮಿದುಳು, ರಕ್ತ, ಮಿದುಳುಬಳ್ಳಿಯ ದ್ರವ ಇಷ್ಟೇ ಇರಬೇಕು. ಒಂದು ಹೆಚ್ಚಿದರೆ ಇನ್ನೊಂದು ಜಾಗ ಬಿಡಬೇಕು. ಆದರೆ ಹೃದಯದ ಪ್ರತಿ ಬಡಿತಕ್ಕೂ ಒಳಗೆ ರಕ್ತ ಬರುತ್ತದೆ, ಅಷ್ಟು ದ್ರವ ಬೆನ್ನುಹುರಿಯ ಕಡೆಗೆ ಸರಿಯುತ್ತದೆ, ಮತ್ತೆ ಮರಳುತ್ತದೆ. ಮೂಳೆಗಳ ಸಂದು ಬೆಸೆದುಕೊಂಡದ್ದರಿಂದ ಈ ಓಡಾಟ ನಿಲ್ಲುವುದಿಲ್ಲ. ಹ್ಯೂಗ್ಸ್ ಅವರ ವಾದ ಅಲ್ಲಿಯೇ ಮುರಿದು ಬೀಳುತ್ತದೆ.

ಈಗ ನಿಲ್ಲುವ ವಿಷಯ. ಹೃದಯದಿಂದ ಮಿದುಳಿಗೆ ಸುಮಾರು 30 ಸೆಂಟಿಮೀಟರ್ ಎತ್ತರ. ಪ್ರತಿ ಸೆಂಟಿಮೀಟರಿಗೆ ರಕ್ತದ ಒತ್ತಡ 0.77 ಮಿಲಿಮೀಟರ್ ಪಾದರಸದಷ್ಟು ಇಳಿಯುತ್ತದೆ. ಹೃದಯದ ಮಟ್ಟದಲ್ಲಿ ಸರಾಸರಿ ಒತ್ತಡ 90 ಇದ್ದರೆ, ನಿಂತವರ ಮಿದುಳಿನ ಮಟ್ಟದಲ್ಲಿ ಅದು 67ರ ಆಸುಪಾಸು. ಆದರೂ ನಮಗೆ ತಲೆ ತಿರುಗುವುದಿಲ್ಲ. ಮಿದುಳಿನ ಸಣ್ಣ ಅಪಧಮನಿಗಳು (ಹೃದಯದಿಂದ ರಕ್ತ ತರುವ ನಾಳಗಳು) ಒತ್ತಡ ಇಳಿದಾಗ ಅಗಲವಾಗುತ್ತವೆ, ಏರಿದಾಗ ಕಿರಿದಾಗುತ್ತವೆ. ಸರಾಸರಿ ಒತ್ತಡ ಸುಮಾರು 60ರಿಂದ 150ರ ನಡುವೆ ಎಲ್ಲಿದ್ದರೂ ಆರೋಗ್ಯವಂತರ ಮಿದುಳಿಗೆ ಹರಿಯುವ ರಕ್ತ ಹೆಚ್ಚು ಏರುಪೇರಾಗುವುದಿಲ್ಲ. ಕತ್ತಿನ ಕ್ಯಾರೋಟಿಡ್ ಅಪಧಮನಿಯಲ್ಲಿ ಒತ್ತಡವನ್ನು ಗ್ರಹಿಸುವ ನರತುದಿಗಳೂ ಇವೆ. ಎದ್ದು ನಿಂತ ಕ್ಷಣದಲ್ಲಿ ಅವು ಹೃದಯವನ್ನು ಎಚ್ಚರಿಸುತ್ತವೆ.

ಶೀರ್ಷಾಸನದಲ್ಲಿ ಮುಖ ಕೆಂಪಾಗುವುದು ಚರ್ಮದ ಅಭಿಧಮನಿಗಳಲ್ಲಿ (ಹೃದಯಕ್ಕೆ ರಕ್ತ ಮರಳಿಸುವ ನಾಳಗಳಲ್ಲಿ) ರಕ್ತ ತುಂಬಿಕೊಳ್ಳುವುದರಿಂದ. ಅದು ಮಿದುಳಿಗೆ ಹೆಚ್ಚು ಆಹಾರ ಸಿಕ್ಕಿತು ಎಂಬುದರ ಗುರುತಲ್ಲ. ಆಸನ ಮಾಡುವವರು ಮಾಡಲಿ, ನನ್ನ ತಕರಾರಿಲ್ಲ. ಆದರೆ ಆ ಭಂಗಿಯಲ್ಲಿ ಕಣ್ಣಿನೊಳಗಿನ ಒತ್ತಡ ಸುಮಾರು ದುಪ್ಪಟ್ಟಾಗುವುದನ್ನು ಅಳೆದು ನೋಡಿದ್ದಾರೆ. ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ರೋಗ) ಇರುವವರು ಅದರಿಂದ ದೂರವಿರಬೇಕು.

ಹಾಗಾದರೆ ಮಿದುಳಿಗೆ ಎಷ್ಟು ರಕ್ತ ಹೋಗುತ್ತದೆ? ನಿಮಿಷಕ್ಕೆ ಸುಮಾರು 750 ಮಿಲಿಲೀಟರ್. ದೇಹದ ತೂಕದಲ್ಲಿ ಮಿದುಳಿನ ಪಾಲು ನೂರಕ್ಕೆ ಎರಡು. ಸುಮ್ಮನೆ ಕುಳಿತಾಗ ದೇಹ ಬಳಸುವ ಆಮ್ಲಜನಕದಲ್ಲಿ ಅದರ ಪಾಲು ನೂರಕ್ಕೆ ಇಪ್ಪತ್ತರ ಹತ್ತಿರ. ರಕ್ತ ಪೂರ್ತಿ ನಿಂತರೆ ಹತ್ತು ಸೆಕೆಂಡಿನೊಳಗೆ ಪ್ರಜ್ಞೆ ತಪ್ಪುತ್ತದೆ. ಅರೆಹೊಟ್ಟೆಯಲ್ಲಿರುವ ಅಂಗದ ಲಕ್ಷಣ ಇದಲ್ಲ.

ಸೇಡಂನ ಸ್ನಾತಕೋತ್ತರ ವಿದ್ಯಾರ್ಥಿನಿ

ಎರಡನೆಯ ವಿಡಿಯೋದ ಮೂಲ ನನಗೆ ಗೊತ್ತು. ನನ್ನ ಮಟ್ಟಿಗೆ ಮಾನವ ವಿಕಾಸದ ಅತ್ಯಂತ ಸುಂದರ ಊಹೆಗಳಲ್ಲಿ ಇದೂ ಒಂದು. ಅಮೆರಿಕದ ಮಾನವಶಾಸ್ತ್ರಜ್ಞೆ ಡೀನ್ ಫಾಕ್ 1990ರಲ್ಲಿ ಮಂಡಿಸಿದ 'ರೇಡಿಯೇಟರ್ ಸಿದ್ಧಾಂತ' ಅದು. ಅವರ ಕಾರು ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್, ರೇಡಿಯೇಟರ್ ತಂಪು ಮಾಡಬಲ್ಲಷ್ಟೇ ದೊಡ್ಡ ಎಂಜಿನ್ ಇಡಬಹುದು ಎಂದನಂತೆ. ಮಿದುಳಿಗೂ ಹಾಗೆಯೇ ಇರಬಹುದಲ್ಲ ಎಂದು ಅವರಿಗೆ ಹೊಳೆಯಿತು.

ಪುರಾವೆ ಎಲ್ಲಿಂದ? ಮಿದುಳಿನಿಂದ ಹೊರಗೆ ಹೋಗುವ ರಕ್ತದ ಕಾಲುವೆಗಳು ತಲೆಬುರುಡೆಯ ಒಳಗೋಡೆಯಲ್ಲಿ ತೋಡಿನ ಗುರುತು ಬಿಡುತ್ತವೆ. ಪಳೆಯುಳಿಕೆಯಲ್ಲೂ ಆ ಗುರುತು ಉಳಿದಿರುತ್ತದೆ. 32 ಲಕ್ಷ ವರ್ಷದ ಹಿಂದಿನ 'ಲೂಸಿ' ಎಂಬ ಹೆಸರಾಂತ ಪಳೆಯುಳಿಕೆಯ ಜಾತಿಯಲ್ಲಿ, ಅಂದರೆ ಆಸ್ಟ್ರಲೊಪಿಥೆಕಸ್ ಅಫರೆನ್ಸಿಸ್‌ನಲ್ಲಿ, ಮತ್ತು ದೊಡ್ಡ ದವಡೆಯ ದೃಢಕಾಯ ಜಾತಿಗಳಲ್ಲಿ ತಲೆಯ ಹಿಂಭಾಗದ ನಡುವೆ ಇಳಿಯುವ ಒಂದು ದೊಡ್ಡ ಕಾಲುವೆ ಕಾಣುತ್ತದೆ. ಅದು ಬೆನ್ನೆಲುಬಿನ ಸುತ್ತಲಿನ ಅಭಿಧಮನಿಗಳಿಗೆ ರಕ್ತ ಸುರಿಯುತ್ತದೆ. ನಮ್ಮ ಹೋಮೋ ವಂಶದಲ್ಲಿ ಆ ಕಾಲುವೆ ಸಾಮಾನ್ಯವಾಗಿ ಚಿಕ್ಕದು. ಬದಲಿಗೆ ತಲೆಬುರುಡೆಯನ್ನು ತೂರಿ ಹೊರಚರ್ಮಕ್ಕೂ ಒಳಭಾಗಕ್ಕೂ ಸಂಪರ್ಕ ಕೊಡುವ ಸಣ್ಣ ಅಭಿಧಮನಿಗಳ ರಂಧ್ರಗಳು ನೆತ್ತಿಯಲ್ಲೂ ಕಿವಿಯ ಹಿಂದೆಯೂ ಹೆಚ್ಚಾದವು. ಬೆವರಿನಿಂದ ತಣಿದ ಹೊರಗಿನ ರಕ್ತ ಈ ದಾರಿಯಲ್ಲಿ ಒಳಗೆ ಹೋಗಿ ಮಿದುಳನ್ನು ತಂಪು ಮಾಡಿತು, ಬಿಸಿಯ ಕಟ್ಟು ಸಡಿಲವಾದ ಮೇಲೆ ಮಿದುಳು ಬೆಳೆಯಿತು ಎಂಬುದು ಫಾಕ್ ಅವರ ವಾದ. ಫ್ರಾನ್ಸ್‌ನ ಕಬನಾಕ್ ಅವರು 1980ರ ದಶಕದಲ್ಲಿ ಮೈ ಬಿಸಿಯೇರಿದ ಜನರ ಮೇಲೆ ಪ್ರಯೋಗ ಮಾಡಿ, ಆ ಸಣ್ಣ ನಾಳಗಳಲ್ಲಿ ರಕ್ತ ಒಳಮುಖವಾಗಿ ಹರಿಯುವುದನ್ನು ವರದಿ ಮಾಡಿದ್ದರು.

ಕಲಬುರಗಿಯ ಏಪ್ರಿಲ್ ಬಿಸಿಲನ್ನು ಕಂಡ ನಮಗೆ ಈ ಸಿದ್ಧಾಂತ ಬೇಗ ಮನಸ್ಸಿಗೆ ಹತ್ತುತ್ತದೆ. ಎರಡು ತಿಂಗಳು ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುವ ನಾಡು ನಮ್ಮದು.

ಬೀದರಿನ ಪಶುವೈದ್ಯ

ತಂಗಿಯ ವಿವರಣೆ ಚೆನ್ನಾಗಿದೆ. ಆದರೆ ಮಿದುಳನ್ನು ಪ್ರತ್ಯೇಕವಾಗಿ ತಂಪು ಮಾಡುವ ನಿಜವಾದ ಏರ್ಪಾಡು ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಮನುಷ್ಯನನ್ನು ಬಿಟ್ಟು ಆಡು, ಕುರಿ, ಎಮ್ಮೆಯ ತಲೆಯನ್ನು ನೋಡಬೇಕು.

ನಮ್ಮಲ್ಲಿ ಒಳಗಿನ ಕ್ಯಾರೋಟಿಡ್ ಅಪಧಮನಿ ನೇರವಾಗಿ ಮಿದುಳಿಗೆ ಹೋಗುತ್ತದೆ. ಆಡಿನಲ್ಲಿ ಹಾಗಲ್ಲ. ಮರಿ ಹುಟ್ಟಿದ ಮೇಲೆ ತಲೆಬುರುಡೆಯ ಹೊರಗಿನ ಆ ನಾಳ ಮುಚ್ಚಿ ಹೋಗುತ್ತದೆ. ದವಡೆಯ ಕಡೆಯ ಅಪಧಮನಿಯಿಂದ ಬರುವ ರಕ್ತ ಮಿದುಳಿನ ತಳದಲ್ಲಿ, ಪಿಟ್ಯುಟರಿ ಗ್ರಂಥಿಯ ಅಕ್ಕಪಕ್ಕ, ನೂರಾರು ಸಣ್ಣ ಕವಲುಗಳಾಗಿ ಒಡೆದು ಜಾಲವಾಗುತ್ತದೆ, ಮತ್ತೆ ಒಂದಾಗಿ ಮಿದುಳಿಗೆ ಏರುತ್ತದೆ. ಆ ಜಾಲ ಮುಳುಗಿರುವುದು ಎಲ್ಲಿ ಗೊತ್ತೇ? ಮೂಗಿನಿಂದ ಮರಳುವ ತಣ್ಣನೆಯ ಅಭಿಧಮನಿ ರಕ್ತದ ಹೊಂಡದಲ್ಲಿ. ಆಡು ಏದುಸಿರು ಬಿಟ್ಟಾಗ ಮೂಗಿನ ತೇವ ಆರಿ ಅಲ್ಲಿನ ರಕ್ತ ತಣಿಯುತ್ತದೆ. ಅದು ಹೊಂಡಕ್ಕೆ ಬಂದು, ಮಿದುಳಿಗೆ ಹೊರಟ ಬಿಸಿ ರಕ್ತದ ಶಾಖವನ್ನು ಎಳೆದುಕೊಳ್ಳುತ್ತದೆ. ಬೀದರ್ ಸುತ್ತಲಿನ ಹೊಲಗಳಲ್ಲಿ ಜಿಗಿಯುವ ಕೃಷ್ಣಮೃಗದ ತಲೆಯಲ್ಲೂ ಇದೇ ಏರ್ಪಾಡು. ಆಫ್ರಿಕದ ಥಾಮ್ಸನ್ ಗ್ಯಾಜೆಲ್ ಎಂಬ ಜಿಂಕೆಯನ್ನು ಓಡಿಸಿ 1972ರಲ್ಲಿ ಅಳೆದಾಗ, ಮಿದುಳು ದೇಹದ ಅಪಧಮನಿ ರಕ್ತಕ್ಕಿಂತ 2.7 ಡಿಗ್ರಿ ಸೆಲ್ಸಿಯಸ್‌ವರೆಗೆ ತಂಪಾಗಿತ್ತು.

ರೋಮ್ ಕಾಲದ ವೈದ್ಯ ಗ್ಯಾಲೆನ್ ಎರಡನೆಯ ಶತಮಾನದಲ್ಲಿ ಪ್ರಾಣಿಗಳಲ್ಲಿ ಈ ಜಾಲವನ್ನು ಕಂಡು ಮನುಷ್ಯನಲ್ಲೂ ಇದೆ ಎಂದು ಬರೆದರು. ಸಾವಿರದ ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ವೈದ್ಯರು ಅದನ್ನೇ ನಂಬಿದರು. 1543ರಲ್ಲಿ ಅಂಗರಚನಾಶಾಸ್ತ್ರಜ್ಞ ವೆಸಾಲಿಯಸ್ ಮನುಷ್ಯರ ದೇಹ ಬಿಡಿಸಿ ನೋಡಿ, ನಮ್ಮಲ್ಲಿ ಅಂಥದ್ದಿಲ್ಲ ಎಂದು ಸ್ಪಷ್ಟವಾಗಿ ಬರೆದರು.

ಇನ್ನೂ ಒಂದು ಮಾತು. ಜಿಂಕೆಯ ಮಿದುಳು ಬೆಂದುಹೋಗದಂತೆ ಕಾಯುವುದೇ ಈ ಜಾಲದ ಕೆಲಸ ಎಂದು ಮೊದಲು ತಿಳಿದಿದ್ದರು. ನಂತರದ ಅಧ್ಯಯನಗಳು ನೀರಿನ ಉಳಿತಾಯವನ್ನು ಮುಂದೆ ಇಡುತ್ತವೆ. ದೇಹದ ಉಷ್ಣ ಹಿಡಿದಿಡುವ ಕೇಂದ್ರ ಮಿದುಳಿನಲ್ಲಿದೆ. ಅದು ತಂಪಾಗಿದ್ದರೆ ಪ್ರಾಣಿ ಕಡಿಮೆ ಬೆವರುತ್ತದೆ, ಕಡಿಮೆ ಏದುಸಿರು ಬಿಡುತ್ತದೆ. ನೀರಿಲ್ಲದ ಬಯಲಿನಲ್ಲಿ ಅದು ಎಷ್ಟು ದೊಡ್ಡ ಲಾಭ ಎಂದು ಕುರಿ ಕಾಯುವವರಿಗೆ ಹೇಳಬೇಕಾಗಿಲ್ಲ.

ಕಲಬುರಗಿಯ ಶರೀರಕ್ರಿಯಾಶಾಸ್ತ್ರ ಬೋಧಕ

ಪಶುವೈದ್ಯರು ನನ್ನ ಕೆಲಸ ಹಗುರ ಮಾಡಿದರು. ಫಾಕ್ ಅವರ ಸಿದ್ಧಾಂತದ ಬಗ್ಗೆ ನನಗೆ ಗೌರವವಿದೆ. ಪಳೆಯುಳಿಕೆಯ ರಕ್ತನಾಳಗಳನ್ನು ಪ್ರಶ್ನೆಯ ನಡುಮನೆಗೆ ತಂದವರು ಅವರು. ಆದರೂ ಲೆಕ್ಕ ಹಾಕಿದಾಗ ಅದು ನಿಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಲೆಕ್ಕವನ್ನು ಮಕ್ಕಳೂ ಮಾಡಬಹುದು. ಮಿದುಳು ಸುಮಾರು 15 ವ್ಯಾಟ್ ಶಾಖ ಹುಟ್ಟಿಸುತ್ತದೆ ಎನ್ನೋಣ. ನಿಮಿಷಕ್ಕೆ 750 ಮಿಲಿಲೀಟರ್ ಎಂದರೆ ಸೆಕೆಂಡಿಗೆ 12.5 ಮಿಲಿಲೀಟರ್ ರಕ್ತ. ಒಂದು ಮಿಲಿಲೀಟರ್ ರಕ್ತವನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 3.8 ಜೂಲ್ ಬೇಕು. ಗುಣಿಸಿದರೆ, ಹರಿಯುವ ರಕ್ತ ಒಂದು ಡಿಗ್ರಿ ವ್ಯತ್ಯಾಸಕ್ಕೆ 47 ವ್ಯಾಟ್‌ಗೂ ಹೆಚ್ಚು ಶಾಖ ಹೊತ್ತೊಯ್ಯುತ್ತದೆ. ಹಾಗಾದರೆ 15 ವ್ಯಾಟ್ ಹೊರಹಾಕಲು ಮಿದುಳು ತನಗೆ ಬರುವ ರಕ್ತಕ್ಕಿಂತ ಒಂದು ಡಿಗ್ರಿಯ ಮೂರನೆಯ ಒಂದರಷ್ಟು ಬಿಸಿಯಾಗಿದ್ದರೆ ಸಾಕು. ಅಳೆದಾಗ ಸಿಗುವುದೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಮಿದುಳನ್ನು ತಂಪು ಮಾಡುವುದು ಅದಕ್ಕೆ ಆಹಾರ ತರುವ ರಕ್ತವೇ. ನೆತ್ತಿಯ ಸಣ್ಣ ರಂಧ್ರಗಳಿಂದ ಬರುವ ತೊಟ್ಟು ರಕ್ತ ಈ ಪ್ರವಾಹದ ಮುಂದೆ ಎಷ್ಟರದು? ಅದು ಅಭಿಧಮನಿಯ ಕಡೆಗೆ ಸೇರುತ್ತದೆ ಎಂಬುದನ್ನೂ ಮರೆಯಬಾರದು. ಆಡಿನಲ್ಲಿರುವಂತೆ ಅಪಧಮನಿಯ ರಕ್ತವನ್ನು ಮುಂಚೆಯೇ ತಣಿಸುವ ಜಾಲ ನಮಗಿಲ್ಲ.

ಬ್ರೆಂಗಲ್‌ಮನ್ ಎಂಬ ಶರೀರಕ್ರಿಯಾಶಾಸ್ತ್ರಜ್ಞರು 1993ರಲ್ಲಿ ಇದೇ ಆಕ್ಷೇಪ ಎತ್ತಿದರು. ಮನುಷ್ಯರ ಮಿದುಳಿನ ಉಷ್ಣ ಎಂದು ಅನೇಕ ಪ್ರಯೋಗಗಳಲ್ಲಿ ಅಳೆದದ್ದು ಕಿವಿತಮಟೆಯ ಉಷ್ಣವನ್ನು. ಮುಖಕ್ಕೆ ಗಾಳಿ ಹಾಕಿದರೆ ಕಿವಿತಮಟೆಯೂ ತಣ್ಣಗಾಗುತ್ತದೆ, ಒಳಗಿನ ಮಿದುಳು ಆಗಬೇಕೆಂದಿಲ್ಲ.

ಸೇಡಂನ ಸ್ನಾತಕೋತ್ತರ ವಿದ್ಯಾರ್ಥಿನಿ

ಸರ್, ಲೆಕ್ಕ ಒಪ್ಪುತ್ತೇನೆ. ಆದರೆ ಕಾಲುವೆ ಬದಲಾದದ್ದು ನಿಜವಲ್ಲವೇ? ಅದಕ್ಕೆ ಏನಾದರೂ ಕಾರಣ ಇರಲೇಬೇಕಲ್ಲ.

ಕಲಬುರಗಿಯ ಶರೀರಕ್ರಿಯಾಶಾಸ್ತ್ರ ಬೋಧಕ

ಬದಲಾದದ್ದು ನಿಜ, ತಾಯಿ. ಮಲಗಿದಾಗ ಮಿದುಳಿನ ರಕ್ತ ಕತ್ತಿನ ಜ್ಯುಗುಲಾರ್ ಅಭಿಧಮನಿಗಳಿಂದ ಇಳಿಯುತ್ತದೆ. ನಿಂತಾಗ ಅವು ಬಹುಮಟ್ಟಿಗೆ ಮುಚ್ಚಿಕೊಂಡು, ಬೆನ್ನೆಲುಬಿನ ಸುತ್ತಲಿನ ಜಾಲ ಆ ಕೆಲಸ ವಹಿಸಿಕೊಳ್ಳುತ್ತದೆ. ನೆಟ್ಟಗೆ ನಿಲ್ಲುವ ಪ್ರಾಣಿ ರಕ್ತ ಇಳಿಸುವ ದಾರಿಯನ್ನು ಹೊಸದಾಗಿ ಹೊಂದಿಸಿಕೊಂಡಿತು ಎಂಬ ಭಾಗ ಫಾಕ್ ಅವರ ವಾದದಲ್ಲಿ ಗಟ್ಟಿಯಾಗಿದೆ. ಅದೇ ಮಿದುಳನ್ನು ತಣಿಸಿ ಬೆಳೆಯಲು ಬಿಟ್ಟಿತು ಎಂಬ ಭಾಗಕ್ಕೆ ನನ್ನ ಒಪ್ಪಿಗೆ ಇಲ್ಲ.

ವಿಕಾಸದ ಪ್ರಶ್ನೆಗೆ ನನಗೆ ಹೆಚ್ಚು ಹಿಡಿಸಿದ ಪುರಾವೆ ರಕ್ತ ಹೊರಹೋಗುವ ದಾರಿಯದ್ದಲ್ಲ, ಒಳಬರುವ ದಾರಿಯದ್ದು. ತಲೆಬುರುಡೆಯ ತಳದಲ್ಲಿ ಒಳಗಿನ ಕ್ಯಾರೋಟಿಡ್ ಅಪಧಮನಿ ಹೊಗುವ ರಂಧ್ರ ಇದೆ. ಆ ರಂಧ್ರದ ಅಗಲದಿಂದ ಅಪಧಮನಿಯ ಗಾತ್ರವನ್ನು, ಅದರಿಂದ ರಕ್ತದ ಪ್ರಮಾಣವನ್ನು ಅಂದಾಜು ಮಾಡಬಹುದು. ಆಸ್ಟ್ರೇಲಿಯದ ಅಡಿಲೇಡ್ ವಿಶ್ವವಿದ್ಯಾಲಯದ ರೋಜರ್ ಸೈಮೋರ್ ಮತ್ತು ಸಂಗಡಿಗರು ಮಾನವ ವಂಶದ 12 ಜಾತಿಗಳ ಬುರುಡೆಗಳಿಂದ ಲೆಕ್ಕ ಮಾಡಿ 2016ರಲ್ಲಿ ಪ್ರಕಟಿಸಿದರು. ಸುಮಾರು 30 ಲಕ್ಷ ವರ್ಷಗಳಲ್ಲಿ ಮಿದುಳಿನ ಗಾತ್ರ ಮೂರೂವರೆ ಪಟ್ಟಿನಷ್ಟು ಬೆಳೆದರೆ, ಅದಕ್ಕೆ ಹರಿಯುವ ರಕ್ತ ಆರು ಪಟ್ಟಿನಷ್ಟು ಹೆಚ್ಚಿತು. ಮಿದುಳು ಹಿಗ್ಗಿದ್ದಷ್ಟೇ ಅಲ್ಲ, ಅದರ ಪ್ರತಿ ಗ್ರಾಮೂ ಹೆಚ್ಚು ದುಡಿಯತೊಡಗಿತು ಎಂದು ಅವರು ಅರ್ಥ ಮಾಡಿದರು. 2019ರಲ್ಲಿ ಅದೇ ತಂಡ ಇನ್ನೊಂದು ಅಚ್ಚರಿ ತೋರಿಸಿತು. ಆಸ್ಟ್ರಲೊಪಿಥೆಕಸ್‌ನ ಮಿದುಳು ಇಂದಿನ ದೊಡ್ಡ ವಾನರಗಳ ಮಿದುಳಿನಷ್ಟೇ ಅಥವಾ ತುಸು ದೊಡ್ಡದಿದ್ದರೂ ಅದಕ್ಕೆ ಹೋಗುತ್ತಿದ್ದ ರಕ್ತ ಕಡಿಮೆ. ಲೂಸಿಯ ಬಳಗಕ್ಕಿಂತ ಗೊರಿಲ್ಲಾದ ಮಿದುಳಿಗೆ ಹೆಚ್ಚು ರಕ್ತ! ಗಾತ್ರ ಒಂದನ್ನೇ ನೋಡಿ ಬುದ್ಧಿಯನ್ನು ತೂಗುವವರು ಇದನ್ನು ಓದಬೇಕು. ಬೆನ್ನೆಲುಬಿನ ಪಕ್ಕದಿಂದ ಏರುವ ವರ್ಟಿಬ್ರಲ್ ಅಪಧಮನಿಗಳು ಈ ಲೆಕ್ಕದಲ್ಲಿ ಸೇರಿಲ್ಲ ಎಂಬುದನ್ನು ನೆನಪಿಡಿ.

ರಕ್ತ ಹೆಚ್ಚಾಯಿತೆಂದು ಮಿದುಳು ಬೆಳೆಯಲಿಲ್ಲ. ಮಿದುಳಿನ ಕೆಲಸ ಹೆಚ್ಚಾದಂತೆ ರಕ್ತದ ಅಗತ್ಯ ಹೆಚ್ಚಿತು, ಆ ಅಗತ್ಯ ಪೂರೈಸಬಲ್ಲ ಹೃದಯ, ನಾಳ, ಊಟ ಇದ್ದವರು ಉಳಿದರು. ಹುಡುಗಿಗೆ ಹೀಗೆ ಹೇಳಿ, ಮೇಡಂ.

ಬಸವಕಲ್ಯಾಣದ ನಿವೃತ್ತ ಉಪನ್ಯಾಸಕ

ಇಸಾಂಪುರದಲ್ಲಿ ಆ ಮನುಷ್ಯರ ಬುರುಡೆ ಸಿಕ್ಕಿಲ್ಲ ಎಂಬುದು ಗಮನದಲ್ಲಿರಲಿ. ಕಲ್ಲಿನ ಆಯುಧ ಮತ್ತು ಪ್ರಾಣಿಗಳ ಅವಶೇಷ ಮಾತ್ರ. ನಮ್ಮ ದೇಶದಲ್ಲಿ ಪ್ರಾಚೀನ ಮಾನವ ವಂಶದ ಬುರುಡೆ ಎಂದು ಹೆಸರಾದದ್ದು ಮಧ್ಯಪ್ರದೇಶದ ಹಥನೋರಾದಲ್ಲಿ, ನರ್ಮದಾ ದಂಡೆಯಲ್ಲಿ, 1982ರಲ್ಲಿ ಅರುಣ್ ಸೋನಾಕಿಯಾ ಅವರಿಗೆ ಸಿಕ್ಕ ತುಂಡು.

ಆದರೂ ಹುಣಸಗಿ ಕಣಿವೆ ಈ ಚರ್ಚೆಗೆ ಬಹಳ ಹತ್ತಿರದ್ದು. ಬೇಸಿಗೆಯಲ್ಲಿ ಅಂದಿನ ಜನ ಬತ್ತದ ಒರತೆಗಳ ಬಳಿ ಒಟ್ಟಾಗಿ ನೆಲೆಸುತ್ತಿದ್ದರು, ಮಳೆಗಾಲದಲ್ಲಿ ಕಣಿವೆಯ ತುಂಬ ಚದುರುತ್ತಿದ್ದರು ಎಂದು ಪದ್ದಯ್ಯನವರು ವಿವರಿಸಿದ್ದಾರೆ. ಪಶುವೈದ್ಯರ ಮಾತಿನ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಜಿಂಕೆಗೆ ನೀರು ಉಳಿಸುವ ಜಾಲ ಇದೆ. ಮನುಷ್ಯನಿಗೆ ಇಲ್ಲ, ಅವನು ಇಡೀ ಮೈ ಬೆವರಿ ತಣಿಯಬೇಕು. ಬೆವರುವ ಪ್ರಾಣಿ ನೀರನ್ನು ಬಿಟ್ಟು ದೂರ ಹೋಗಲಾರದು. ಒರತೆಯ ಬಳಿ ಆಯುಧಗಳು ದಟ್ಟವಾಗಿ ಸಿಗುವುದರ ಹಿಂದೆ ನಮ್ಮ ರಕ್ತನಾಳಗಳ ಕಥೆಯೂ ಇದೆ ಎಂದು ನನಗೆ ಬಲವಾಗಿ ಅನಿಸುತ್ತದೆ.

ಕಲಬುರಗಿಯ ಶರೀರಕ್ರಿಯಾಶಾಸ್ತ್ರ ಬೋಧಕ

ಗುರುಗಳೇ, ಇದು ನನಗೆ ಹೊಳೆದಿರಲಿಲ್ಲ. ಒಂದು ಲೀಟರ್ ಬೆವರು ಒಂದು ಗಂಟೆಯಲ್ಲಿ ಪೂರ್ತಿ ಆರಿದರೆ ಸುಮಾರು 670 ವ್ಯಾಟ್ ಶಾಖ ಹೋಗುತ್ತದೆ. ಮಿದುಳಿನ 15 ವ್ಯಾಟ್ ಅದರ ಮುಂದೆ ಏನೇನೂ ಅಲ್ಲ. ಇಡೀ ದೇಹದ ರಕ್ತ ತಣಿದರೆ ಮಿದುಳು ತಾನಾಗಿ ತಣಿಯುತ್ತದೆ. ಗುಂಗುರು ಕೂದಲ ಮೇಲೆ 2023ರಲ್ಲಿ ಪ್ರಕಟವಾದ ಅಧ್ಯಯನವೂ ಇಲ್ಲಿ ಹೊಂದುತ್ತದೆ. ಉಷ್ಣ ಅಳೆಯುವ ಬೊಂಬೆಯ ತಲೆಗೆ ಮನುಷ್ಯರ ಕೂದಲಿನ ಟೋಪನ್ ಹಾಕಿ ನೋಡಿದಾಗ, ಬಿಗಿಯಾದ ಗುಂಗುರು ಕೂದಲು ಬಿಸಿಲಿನ ಶಾಖವನ್ನು ಎಲ್ಲಕ್ಕಿಂತ ಚೆನ್ನಾಗಿ ತಡೆಯಿತು. ನೆತ್ತಿಗೆ ಬೀಳುವ ಬಿಸಿಲೇ ಕಡಿಮೆಯಾದರೆ ಅಷ್ಟು ಬೆವರು ಉಳಿಯಿತು.

ಆಳಂದದ ತೊಗರಿ ರೈತ

ಎಲ್ಲವನ್ನೂ ಓದಿದೆ, ಸಾಹೇಬರೇ. ಲಕ್ಷ ವರ್ಷದ ಮಾತು ಹಾಗಿರಲಿ, ಈಗಿನದು ಕೇಳುತ್ತೇನೆ. ಬೇಸಿಗೆಯಲ್ಲಿ ನಮ್ಮ ಹೊಲದಲ್ಲಿ ಕೂಲಿಯ ಹೆಣ್ಣುಮಗಳೊಬ್ಬಳು ಬಿಸಿಲಿಗೆ ಬಿದ್ದಳು. ತಲೆಗೆ ಒದ್ದೆ ಬಟ್ಟೆ ಹಾಕಿದರು, ಅಂಗೈಗೆ ಉಳ್ಳಾಗಡ್ಡಿ ತಿಕ್ಕಿದರು. ಆಕೆ ಬದುಕಿದಳು. ಆದರೆ ನಾವು ಮಾಡಿದ್ದು ಸರಿಯೇ? ಹೊಲದಲ್ಲಿ ರುಮಾಲು ಸುತ್ತಿಕೊಂಡರೆ ಮಿದುಳಿಗೆ ತಂಪೇ?

ಕಲಬುರಗಿಯ ಶರೀರಕ್ರಿಯಾಶಾಸ್ತ್ರ ಬೋಧಕ

ಅಣ್ಣಾವರೇ, ಈ ಚರ್ಚೆಯಲ್ಲಿ ಅತಿ ಮುಖ್ಯವಾದ ಪ್ರಶ್ನೆ ನಿಮ್ಮದು. ರುಮಾಲು ಒಳ್ಳೆಯದು, ನೆರಳು ಕೊಡುತ್ತದೆ. ಸಡಿಲವಾಗಿ, ಬಿಳಿಯದಾಗಿ ಇರಲಿ, ನೀರಿನಲ್ಲಿ ಅದ್ದಿಕೊಂಡರೆ ಇನ್ನೂ ಒಳ್ಳೆಯದು. ಅಂಗೈಗೆ ಉಳ್ಳಾಗಡ್ಡಿ ತಿಕ್ಕುವುದರಿಂದ ರಕ್ತ ತಣಿಯುವುದಿಲ್ಲ.

ಯಾರಾದರೂ ಬಿಸಿಲಿಗೆ ಬಿದ್ದು, ಮೈ ಕೆಂಡವಾಗಿ, ಮಾತು ತೊದಲಿ, ಗುರುತು ಹಿಡಿಯದಂತಾದರೆ ಅದು ಉಷ್ಣಾಘಾತ. ಒಳಗಿನ ಉಷ್ಣ 40 ಡಿಗ್ರಿ ದಾಟಿರುತ್ತದೆ. ಆಗ ತಲೆಯೊಂದಕ್ಕೆ ಒದ್ದೆ ಬಟ್ಟೆ ಸಾಲದು. ತಲೆಗೆ ಬೇರೆಯಾದ ತಂಪಿನ ಏರ್ಪಾಡು ಇಲ್ಲ ಎಂದು ಮೇಲೆ ಇಷ್ಟು ಹೊತ್ತು ಹೇಳಿದ್ದು ಇಲ್ಲಿ ಪ್ರಾಣದ ಪ್ರಶ್ನೆಯಾಗುತ್ತದೆ. ನೆರಳಿಗೆ ತಂದು, ದಪ್ಪ ಬಟ್ಟೆ ಸಡಿಲಿಸಿ, ಪಂಪ್‌ಸೆಟ್ ಇದ್ದರೆ ಅದರ ನೀರನ್ನೇ ಇಡೀ ಮೈಮೇಲೆ ಸುರಿದು, ಜೋರಾಗಿ ಗಾಳಿ ಹಾಕುತ್ತಲೇ ಇರಿ. ಕತ್ತು, ಕಂಕುಳು, ತೊಡೆಸಂದಿಗೆ ತಣ್ಣನೆಯ ಬಟ್ಟೆ ಇಡಿ. ಒಬ್ಬರು 108ಕ್ಕೆ ಕರೆ ಮಾಡಲಿ, ಉಳಿದವರು ತಣಿಸುವುದನ್ನು ನಿಲ್ಲಿಸಬಾರದು. ಎಚ್ಚರ ತಪ್ಪಿದವರ ಬಾಯಿಗೆ ನೀರು, ಮಜ್ಜಿಗೆ ಏನನ್ನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋದೀತು. ಎಚ್ಚರವಿದ್ದು ಬರೀ ಸುಸ್ತಾದವರಿಗೆ ಓಆರ್‌ಎಸ್ ಅಥವಾ ಉಪ್ಪು ಹಾಕಿದ ಮಜ್ಜಿಗೆ ಕೊಡಿ.

ಶಹಾಪುರದ ಯೋಗಾಸಕ್ತ

ಇದನ್ನು ನಮ್ಮ ಬಳಗದ ಎಲ್ಲರಿಗೂ ಕಳಿಸಿದ್ದೇನೆ. ಗ್ಲಾಕೋಮಾದ ಮಾತನ್ನೂ ಸೇರಿಸಿದ್ದೇನೆ.

ಸೇಡಂನ ಸ್ನಾತಕೋತ್ತರ ವಿದ್ಯಾರ್ಥಿನಿ

ಪಶುವೈದ್ಯರೇ, ಆಡಿನ ಆ ಜಾಲವನ್ನು ಪ್ರಯೋಗಾಲಯ ಇಲ್ಲದೆಯೂ ನೋಡಲು ಸಾಧ್ಯವೇ?

ಬೀದರಿನ ಪಶುವೈದ್ಯ

ಸಾಧ್ಯ, ತಂಗಿ. ಮಟನ್ ಅಂಗಡಿಯಲ್ಲಿ ತಲೆಮಾಂಸಕ್ಕೆ ತಂದ ಆಡಿನ ತಲೆ ಸಾಕು. ಬುರುಡೆಯ ಮೇಲ್ಭಾಗವನ್ನು ಮಾತ್ರ ಒಡೆದುಕೊಡಲು ಅಂಗಡಿಯವರಿಗೆ ಹೇಳಿ. ಉದ್ದಕ್ಕೆ ಸೀಳಿಸಬೇಡಿ, ಜಾಲ ಹರಿದು ಹೋಗುತ್ತದೆ. ಮಿದುಳನ್ನು ಮುಂದಿನಿಂದ ಮೆಲ್ಲಗೆ ಎತ್ತುತ್ತ ಕೆಳಗಿನ ನರಗಳನ್ನು ಕತ್ತರಿಸಿ ತೆಗೆಯಿರಿ. ಬುರುಡೆಯ ನೆಲದ ನಡುವೆ ಕಡಲೆಗಾತ್ರದ ಪಿಟ್ಯುಟರಿ ಗ್ರಂಥಿ ಕಾಣುತ್ತದೆ. ಅದರ ಎರಡೂ ಬದಿಯ ಗಟ್ಟಿ ಪೊರೆಯನ್ನು ಸಣ್ಣ ಕತ್ತರಿಯಿಂದ ಬಿಡಿಸಿ, ಒಳಗಿನ ಹೆಪ್ಪುರಕ್ತವನ್ನು ನೀರು ಹನಿಸಿ ತೊಳೆಯಿರಿ. ಎಳೆಎಳೆಯಾಗಿ ಹೆಣೆದುಕೊಂಡ ಜಾಲ ಬರಿಗಣ್ಣಿಗೇ ಕಾಣುತ್ತದೆ, ಭೂತಗನ್ನಡಿ ಇದ್ದರೆ ಇನ್ನೂ ಚೆನ್ನ. ಕೈಗವಸು ಹಾಕಿಕೊಳ್ಳಿ, ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ, ಮತ್ತು ತಲೆ ಅದೇ ದಿನ ಕಡಿದದ್ದಾಗಿರಲಿ.